ಗೋಣಿಕೊಪ್ಪ ಹತ್ರದ ಹುಳ ತಿನ್ನೋ ಗಿಡದ ನರ್ಸರಿ: ಗಿಡ ತಗೊಳ್ಳಿ, ಕ್ರಿಸ್ಟಲ್ ಕಿಟ್ ಬಿಡಿ

ಗೋಣಿಕೊಪ್ಪದಿಂದ ಪೊನ್ನಂಪೇಟೆ ಕಡೆ ಹೋಗೋ ರೋಡಲ್ಲಿ ಮನೆ ಹಿಂದೆ ಶೇಡ್ ನೆಟ್ ಹಾಕ್ಕೊಂಡು ನಡೆಸ್ತಿರೋ ನರ್ಸರಿ ಇದು, ಬೋರ್ಡ್ ಗೀರ್ಡ್ ಏನಿಲ್ಲ, ಗೇಟ್ ಪಕ್ಕ ನೇತಾಡ್ತಿರೋ ಹೂಜಿ ಗಿಡ ನೋಡ್ಕೊಂಡೇ ಗುರುತು ಹಿಡೀಬೇಕು. ಆಂಥೂರಿಯಂ, ಬಿಗೋನಿಯಾ ಕೊಡಗಲ್ಲಿ ಯಾವ ಮನೆ ಜಗಲೀಲಿ ಇಲ್ಲ ಹೇಳಿ, ಅದಕ್ಕೆ ಅಂತ ಇಲ್ಲಿ ತನಕ ಬರೋದು ಬೇಡ. ಇಲ್ಲಿನ ಸ್ಪೆಷಲ್ಲು ಅಂಟೆಲೆಯ ಸಂಡ್ಯೂ, ನೆಪೆಂಥಿಸ್ ಅನ್ನೋ ಹೂಜಿ ಗಿಡ, ಬಾಯಿ ಥರ ಎಲೆ ಮುಚ್ಚಿ ಹುಳ ಹಿಡಿಯೋ ವೀನಸ್ ಫ್ಲೈಟ್ರಾಪು.

ನಾನು ತಂದಿದ್ದು ಸಂಡ್ಯೂ, ಡ್ರೊಸೆರಾ ಬರ್ಮಾನಿ ಅಂತ, 250 ರೂಪಾಯಿ. ಇದು ಫಾರಿನ್ ಗಿಡ ಅಲ್ಲ ಕಣ್ರೀ, ನಮ್ಮ ಪಶ್ಚಿಮ ಘಟ್ಟದ ಜವುಗು ನೆಲದಲ್ಲೂ ಬೆಳೆಯೋದೇ, ಆದ್ರೆ ಇವ್ರು ಕಾಡಿಂದ ಕಿತ್ತು ತರಲ್ಲ, ಬೀಜ ಹಾಕಿ ಎಬ್ಸಿರೋ ಸಸಿ, ಟ್ರೇ ತೋರ್ಸಿದ್ರು. ರೂಪಾಯಿ ನಾಣ್ಯದಷ್ಟು ಗಿಡ, ಎಲೆ ತುದೀಲೆಲ್ಲ ಅಂಟು ಹನಿ, ಗುಂಗುರು ಬಂದು ಕೂತ್ರೆ ಅಂಚಿನ ಎಳೆಗಳು ಕೆಲವೇ ಸೆಕೆಂಡಲ್ಲಿ ಬಗ್ಗಿ ಒಳಗೆ ಹಾಕ್ಕೊಳ್ತವೆ. ವರ್ಷದೊಳಗೆ ಗಿಡ ಹೋಗ್ಬಿಡತ್ತೆ, ಆದ್ರೆ ಹೋಗೋ ಮುಂಚೆ ಬೀಜ ಉದುರ್ಸಿರತ್ತೆ, ಅದೇ ಕುಂಡದಲ್ಲಿ ಮತ್ತೆ ಹುಟ್ಟತ್ತೆ ಅಂತ ಮೊದಲೇ ಹೇಳಿ ಕೊಟ್ರು, ನಂಗೆ ಇಷ್ಟ ಆಗಿದ್ದೇ ಇದು.

ವೀನಸ್ ಫ್ಲೈಟ್ರಾಪ್ ಕೇಳಿದ್ರೆ ನರ್ಸರಿ ನಡೆಸೋ ಆಂಟಿ ಕೊಡ್ಲೇ ಇಲ್ಲ! "ನಿಮ್ಮನೆ ಎಲ್ಲಿ ಮೋಳೇ? ತಿತಿಮತಿ ಸೈಡಾ? ಬೇಡ, ಅದಕ್ಕೆ ಚಳಿಗಾಲದಲ್ಲಿ ಮೂರು ತಿಂಗಳು ಮಲಗೋಕೆ ಒಳ್ಳೆ ಚಳಿ ಬೇಕು, ಮಡಿಕೇರಿಯವ್ರು ಕೇಳಿದ್ರೆ ಆದ್ರೂ ಕೊಡ್ತೀನಿ." ಅಮೆರಿಕದ ಕೆರೊಲಿನಾ ಕಡೆ ಗಿಡ ಅದು, ಅಲ್ಲಿನ ಋತು ಅದಕ್ಕೆ ಮೈಗೂಡಿದೆ. ಮಾರೋಕೆ ಕೂತವ್ರು ಹಿಂಗೆ ವಾಪಸ್ ಕಳ್ಸೋದು ನಾನಂತೂ ಬೇರೆಲ್ಲೂ ನೋಡಿಲ್ಲ. ಹಾಂ, ಇಟ್ಕೊಂಡಿರೋರು ಬೆರಳು ಹಾಕಿ ಬಾಯಿ ಮುಚ್ಸಿ ಮಕ್ಳಿಗೆ ತೋರಿಸ್ಬೇಡಿ, ಒಂದೊಂದು ಬಾಯಿ ಕೆಲವೇ ಸಲ ಕೆಲಸ ಮಾಡೋದು, ಆಮೇಲೆ ಕಪ್ಪಾಗತ್ತೆ.

ನೆಪೆಂಥಿಸ್ ಎಲ್ಲಾ ಹೈಬ್ರಿಡ್, 600ರಿಂದ ಶುರು. ಮೇಘಾಲಯದ ಖಾಸಿಯಾನಾ ಇದ್ಯಾ ಅಂತ ಯಾರೋ ಕೇಳ್ತಿದ್ರು, ಅದು ಭಾರತದ ಒಂದೇ ಒಂದು ಸ್ವಂತ ಹೂಜಿ ಗಿಡ, ಅಳಿವಿನಂಚಲ್ಲಿದೆ, ಅದ್ರ ವ್ಯಾಪಾರಕ್ಕೆ ಕಾನೂನು ಬಿಗಿ ಇದೆ, ನಾನು ಇಡಲ್ಲ ಅಂದ್ರು.

ಇವಕ್ಕೆಲ್ಲ ಲವಣ ಇಲ್ದಿರೋ ನೀರೇ ಆಗ್ಬೇಕು, ಮಳೆ ನೀರು ಬೆಸ್ಟು. ಬೋರ್‌ವೆಲ್ ನೀರಿನ ಲವಣಕ್ಕೆ ಬೇರು ಸುಟ್ಟೋಗತ್ತೆ. ಕೊಡಗಲ್ಲಿ ಮಳೆ ನೀರಿಗೇನು ಬರ, ಕಕ್ಕಡದಲ್ಲಿ (ಜುಲೈ-ಆಗಸ್ಟ್ ಹೊತ್ತಿನ ಜೋರು ಮಳೆ ತಿಂಗಳು) ಹಂಚಿನ ಕೆಳಗೊಂದು ಡ್ರಮ್ ಇಟ್ರೆ ಬೇಸಿಗೆಗೂ ಆಗತ್ತೆ. ಕುಂಡಕ್ಕೆ ಹಾಕೋ ಕೊಕೊಪೀಟಲ್ಲೂ (ತೆಂಗಿನ ನಾರಿನ ಪುಡಿ) ಉಪ್ಪಿರತ್ತೆ, ಇವ್ರು ತೊಳೆದು ತೊಳೆದು ಹಾಕಿರ್ತಾರೆ, ಕುಂಡ ಬದಲಾಯಿಸೋವಾಗ ನೀವೂ ತೊಳೀಬೇಕು. ಗೊಬ್ಬರವಂತೂ ಚಿಟಿಕೆನೂ ಬೇಡ, ಮಣ್ಣಲ್ಲಿ ಸಾರಜನಕ ರಂಜಕ ಸಿಗ್ದೇ ಇದ್ದಿದ್ದಕ್ಕೇ ಅವು ಹುಳ ಹಿಡಿಯೋಕೆ ಹೊರಟಿದ್ದು.

ಈಗ ಬರೋಣ ಕಿಟ್ಟಿಗೆ. ಬಿಲ್ಲಿಂಗ್ ಟೇಬಲ್ ಪಕ್ಕ ಒಂದು ಶೆಲ್ಫಲ್ಲಿ ಯಾವುದೋ ಹೊರಗಿನ ಕಂಪನಿಯ ಕ್ರಿಸ್ಟಲ್ ಬೆಳೆಸೋ ಕಿಟ್ ಇಟ್ಟಿದಾರೆ, 799. ದೊಡ್ಡ ಡಬ್ಬ, ಒಳಗೆ ಎರಡು ಪೊಟ್ಟಣ ಬಣ್ಣದ ಪುಡಿ, ಒಂದಿಷ್ಟು ಕಲ್ಲುಚೂರು, ಪ್ಲಾಸ್ಟಿಕ್ ಲೋಟ. ಪೊಟ್ಟಣದ ಹಿಂದೆ ಇರುವೆ ಸಾಲಿನಂಗೆ ಬರ್ದಿರೋದನ್ನ ಓದಿದ್ರೆ ಮೋನೋ ಅಮೋನಿಯಂ ಫಾಸ್ಫೇಟ್! ತೋಟ ಇರೋರಿಗೆ ಹೇಳ್ಬೇಕಾ, ಗೊಬ್ಬರದಂಗಡೀಲಿ ಸಿಗೋ 12-61-0 (ಸಾರಜನಕ-ರಂಜಕ-ಪೊಟ್ಯಾಷ್ ಲೆಕ್ಕ) ಅದೇ, ಕಿಟ್ಟಲ್ಲಿ ಬಣ್ಣ ಸೇರ್ಸಿದಾರೆ ಅಷ್ಟೆ. ಅಂದ್ರೆ ಪಕ್ಕದ ಟ್ರೇಲಿರೋ ಗಿಡಕ್ಕೆ ಯಾವುದು ಆಗಲ್ವೋ ಅದನ್ನೇ ಪ್ಯಾಕ್ ಮಾಡಿ ಮಾರ್ತಿರೋದು, ಮಕ್ಳು ಉಳಿದ ನೀರು ತಗೊಂಡೋಗಿ ಸಂಡ್ಯೂ ಕುಂಡಕ್ಕೆ ಸುರಿದ್ರೆ ಮುಗೀತು ಕಥೆ. ಆಂಟಿಗೂ ಹೇಳ್ದೆ, ಆ ಶೆಲ್ಫ್ ದೂರ ಇಡ್ತೀನಿ ಅಂದ್ರು.

ಮತ್ತೆ ಡಬ್ಬದ ಮೇಲೆ ಒಂದು ವಾರದಲ್ಲಿ ರೆಡಿ ಅಂತ ಹಾಕಿದಾರೆ, ಜುಲೈ ತಿಂಗಳಲ್ಲಿ ನಮ್ಮೂರಲ್ಲಿ ಒಗೆದ ಪಂಚೆನೇ ವಾರ ಒಣಗಲ್ಲ, ಲೋಟದ ನೀರು ಎಲ್ಲಿಂದ ಆರತ್ತೆ. ಮಳೆಗಾಲ ಮುಗಿಯೋ ತನಕ ಈ ಹವ್ಯಾಸ ಮುಟ್ಟಬೇಡಿ.

ಆಸೆ ಇದ್ರೆ ಗ್ರಂಧಿಗೆ ಅಂಗಡೀಲಿ ಪಟಿಕ ತಗೊಳ್ಳಿ, ಶೇವ್ ಆದ್ಮೇಲೆ ಉಜ್ಜೋದು, ಕೆಸರು ನೀರು ತಿಳಿ ಮಾಡೋಕೆ ಹಾಕೋದು, ಅದೇ, ತುಂಬ ಕಮ್ಮಿ ರೇಟು. 100 ಎಂಎಲ್ ನೀರಲ್ಲಿ 20 ಡಿಗ್ರಿಗೆ ಸುಮಾರು 12–14 ಗ್ರಾಂ ಕರಗತ್ತೆ, 50 ಡಿಗ್ರಿಗೆ ಏರ್ಸಿದ್ರೆ ಅದರ ಎರಡು ಪಟ್ಟಿಗೂ ಜಾಸ್ತಿ. ಬಿಸಿ ನೀರಲ್ಲಿ ಕರಗ್ಸಿ, ಬಟ್ಟೇಲಿ ಸೋಸಿ, ಆರೋಕೆ ಬಿಟ್ರೆ ತಳದಲ್ಲಿ ಸಣ್ಣ ಹರಳು ಕೂರತ್ತೆ, ಅದ್ರಲ್ಲಿ ಒಳ್ಳೆ ಆಕಾರದ್ದು ಒಂದನ್ನ ತಂಗೂಸಿಗೆ ಕಟ್ಟಿ ಪೂರ್ತಿ ತಣ್ಣಗಾದ ಅದೇ ಪಟಿಕದ ತಿಳಿನೀರಲ್ಲಿ ಇಳಿಬಿಡಿ. ಬೆಚ್ಚಗಿರೋವಾಗ ಇಳಿಸಿದ್ರೆ ಬೀಜದ ಹರಳೇ ಕರಗೋಗತ್ತೆ. ಥರ್ಮಾಕೋಲ್ ಡಬ್ಬೀಲಿಟ್ಟು ಮುಟ್ಟದೆ ಬಿಟ್ರೆ ಎಂಟು ಮುಖದ ಗಾಜಿನಂಥ ಹರಳು ಬರತ್ತೆ, ಕಿಟ್ಟಲ್ಲಿ ಬರೋದು ಬರೀ ಮುಳ್ಳು ಮುಳ್ಳು ಗೊಂಚಲು.

ನೀಲಿ ಬೇಕಂದ್ರೆ ತೋಟಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತು (ಕಾಪರ್ ಸಲ್ಫೇಟ್) ತೋಟ ಇರೋ ಎಲ್ಲರ ಸ್ಟೋರಲ್ಲೂ ಇದ್ದೇ ಇರತ್ತೆ. ಅದು ವಿಷ, ಅಡುಗೆ ಪಾತ್ರೆ ಬೇಡ, ಕಬ್ಬಿಣದ್ದಂತೂ ಬೇಡವೇ ಬೇಡ, ಮಕ್ಳ ಕೈಗೂ ಬೇಡ, ಉಳಿದ ನೀರು ತೋಡಿಗೆ ಚೆಲ್ಲಿದ್ರೆ ಮೀನು ಸಾಯ್ತವೆ, ಮುಂದಿನ ಬೋರ್ಡೋ ಡ್ರಮ್ಮಿಗೆ ಹಾಕ್ಬಿಡಿ.

ಗಿಡಕ್ಕೆ ಐದಕ್ಕೆ ಐದು, ಕಿಟ್ಟಿಗೆ ಒಂದು, ಅದೂ ಡಬ್ಬ ಚೆನ್ನಾಗಿದೆ ಅಂತ. ಯುಪಿಐ ಇದೆ ಆದ್ರೆ ನೆಟ್ವರ್ಕ್ ಸರಿ ಸಿಗಲ್ಲ, ಕ್ಯಾಶ್ ಇಟ್ಕೊಳ್ಳಿ. ಕಾರ್ ರೋಡ್ ಸೈಡಲ್ಲೇ ನಿಲ್ಲಿಸ್ಬೇಕು. ಕೈಲ್‌ಪೊಳ್ದ್ (ಸೆಪ್ಟೆಂಬರಲ್ಲಿ ಬರೋ ಕೊಡವರ ಆಯುಧ ಹಬ್ಬ) ಟೈಮಲ್ಲಿ ಬಾಗಿಲು ಹಾಕಿರ್ತಾರೆ.