ಸರ್ವೀಸ್ ಬಿಲ್ಲಿನಲ್ಲಿ ಕ್ರೌನ್ ಆಯಿಲ್ ಇದೆಯಾ, ಒಂದ್ಸಲ ನೋಡಿ

"ಕ್ರೌನ್ ಆಯಿಲ್ ಯಾವಾಗ ಹಾಕ್ಸಿದ್ರಿ ಸಾರ್?"

ಕಲಾಸಿಪಾಳ್ಯದ ಹತ್ತಿರ ವಯಸ್ಸಾದ ಮೇಸ್ತ್ರಿಯೊಬ್ಬರು ಹೀಗೆ ಕೇಳಿದಾಗ ನಾನು ಧೈರ್ಯವಾಗಿಯೇ ಉತ್ತರ ಕೊಟ್ಟೆ. ಹತ್ತು ಸಾವಿರ ಕಿಲೋಮೀಟರ್‌ಗೊಂದು ಸರ್ವೀಸ್ ತಪ್ಪಿಸಿಲ್ಲ, ಬಿಲ್ಲೆಲ್ಲ ಇಟ್ಟಿದ್ದೀನಿ ಅಂತ. ಅವರು ಫೈಲು ಇಸ್ಕೊಂಡು ಹಾಳೆ ತಿರುವಿದರು. ಎಂಜಿನ್ ಆಯಿಲ್, ಫಿಲ್ಟರ್, ಗ್ರೀಸ್, ವಾಟರ್ ವಾಷ್. ನಾಲ್ಕು ಬಿಲ್ಲಿನಲ್ಲೂ ಅಷ್ಟೇ. "ಇದ್ರಲ್ಲಿ ಎಲ್ಲಿದೆ ತೋರ್ಸಿ" ಎಂದರು. ಎಲ್ಲೂ ಇರಲಿಲ್ಲ. ಕ್ರೌನ್ ಆಯಿಲ್ ಅಂದರೆ ಡಿಫರೆನ್ಶಿಯಲ್ ಆಯಿಲ್. ಆಕ್ಸೆಲ್ ನಡುವೆ ಉಂಡೆಯಂಥ ಡಬ್ಬಿ ಇರುತ್ತಲ್ಲ, ಹೌಸಿಂಗ್ ಅಂತಾರೆ, ಚಕ್ರ ತಿರುಗಿಸುವ ಗೇರುಗಳಿಗೆ ಅದರೊಳಗೆ ಹಾಕುವ ಎಣ್ಣೆ.

ನನ್ನದು ಸೆಕೆಂಡ್ ಹ್ಯಾಂಡ್ ಡೀಸೆಲ್ ಜೀಪು, ಫೋರ್ ವೀಲ್ ಡ್ರೈವ್. 2020ರಲ್ಲಿ ಕೊಂಡಾಗ 58,000 ಕಿ.ಮೀ. ಓಡಿತ್ತು. ಟೈರು ನೋಡಿದೆ, ತುಕ್ಕು ನೋಡಿದೆ, ಇನ್ಶೂರೆನ್ಸ್ ನೋಡಿದೆ. ಡಿಫರೆನ್ಶಿಯಲ್ ಆಯಿಲ್ ಯಾವಾಗ ಬದಲಾಗಿದೆ ಅಂತ ಹಳೇ ಓನರನ್ನು ಕೇಳಬೇಕು ಅಂತ ಹೊಳೆಯಲೇ ಇಲ್ಲ.

2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆ ಅಲ್ವಾ? ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ನೀರು ನಿಂತು, ಆಫೀಸಿಗೆ ಹೋಗುವವರು ಟ್ರ್ಯಾಕ್ಟರ್ ಹತ್ತಿದ ವಾರ. ನನಗೋ ಫೋರ್ ವೀಲ್ ಇದೆ ಅನ್ನೋ ಜಂಬ. ಅಕ್ಕಪಕ್ಕದ ಮನೆಯವರನ್ನು ಕೂರಿಸಿಕೊಂಡು, ಸೈಲೆನ್ಸರ್ ಮುಳುಗುವಷ್ಟು ನೀರಿನಲ್ಲಿ ಮೂರು ಟ್ರಿಪ್ ಹೊಡೆದೆ. ಎಂಜಿನ್ ಒಂದ್ಸಲವೂ ಕೆಮ್ಮಲಿಲ್ಲ. ಮಾರನೇ ದಿನ ವಾಷಿಂಗ್ ಮಾಡಿಸಿ, ಬ್ರೇಕ್ ನೋಡಿಸಿ ಸುಮ್ನಾದೆ.

ಫೆಬ್ರವರಿ ಹೊತ್ತಿಗೆ, 60 ದಾಟಿದರೆ ಹಿಂದಿನಿಂದ 'ಊಂ' ಅಂತ ಒಂದು ರಾಗ ಶುರುವಾಯಿತು. ಮೊದಲು ಕೇಳಿಸಿದ್ದು ನನ್ನ ಹೆಂಡತಿಗೆ. "ರೀ, ಏನೋ ಅಳ್ತಾ ಇದೆ ಹಿಂದೆ" ಎಂದಳು. ದಪ್ಪ ಹಲ್ಲಿನ ಟೈರು, ಸದ್ದು ಇದ್ದದ್ದೇ ಅಂದೆ. ನಮ್ಮ ಏರಿಯಾದ ಗ್ಯಾರೇಜಿನವನು ವೀಲ್ ಬೇರಿಂಗ್ ಅಂದ. ಬೇರಿಂಗ್ ಬದಲಾಯಿತು, ದುಡ್ಡು ಹೋಯಿತು, ರಾಗ ಹೋಗಲಿಲ್ಲ.

ಇಲ್ಲೇ ನಾನು ಎಡವಿದ್ದು. ಟೈರಿನ ಸದ್ದು, ಬೇರಿಂಗ್ ಸದ್ದು ಗಾಡಿಯ ಸ್ಪೀಡಿನ ಜೊತೆ ಏರುತ್ತೆ, ಇಳಿಯುತ್ತೆ. ನನ್ನದು ಹಾಗಿರಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಕಾಲು ತೆಗೆದ ತಕ್ಷಣ ಇನ್ನೊಂದು ಥರ. ಹೀಗೆ ಕಾಲಿನ ಜೊತೆ ಸದ್ದು ಬದಲಾದರೆ ಮೊದಲ ಅನುಮಾನ ಕ್ರೌನ್ ಪಿನಿಯನ್ ಮೇಲೆ, ಅಂದರೆ ಹೌಸಿಂಗ್ ಒಳಗಿನ ಜೋಡಿ ಗೇರಿನ ಮೇಲೆ ಇರಬೇಕು.

ಏಪ್ರಿಲ್‌ನಲ್ಲಿ ಸಕಲೇಶಪುರಕ್ಕೆ ಹೊರಟೆವು. ಹಾಸನ ದಾಟುವಷ್ಟರಲ್ಲಿ ರಾಗ ಹೋಗಿ ಕರಕರ ಶುರು. ವಾಪಸ್ ಬಂದದ್ದು ಲಾರಿ ಮೇಲೆ.

ಮೇಸ್ತ್ರಿ ಹೌಸಿಂಗ್ ಕೆಳಗೆ ಟ್ರೇ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿದರು. ಮೊದಲು ನೀರೇ ಬಂತು, ಅರ್ಧ ಲೋಟದಷ್ಟು. ಆಮೇಲೆ ಬಂದದ್ದು ಹಾಲು ಜಾಸ್ತಿಯಾದ ಕಾಫಿ ಥರ ಇತ್ತು. ಬಹಳ ಗಾಡಿಗಳಲ್ಲಿ ಈ ಬೋಲ್ಟಿನ ತುದಿಯಲ್ಲಿ ಮ್ಯಾಗ್ನೆಟ್ ಇರುತ್ತೆ. ಅದಕ್ಕೆ ಕಾಡಿಗೆಯಂಥ ನುಣ್ಣನೆ ಪುಡಿ ಅಂಟಿದ್ದರೆ ಗಾಬರಿ ಬೇಡ, ಅದು ಸವೆತ. ನನ್ನದರಲ್ಲಿ ಉದ್ದಿನಬೇಳೆಯಷ್ಟು ದೊಡ್ಡ ಚೂರು ಅಂಟಿತ್ತು. ಅದು ಗೇರಿನ ಹಲ್ಲು.

ನೀರು ಹೋಗಿದ್ದು ಹೇಗೆ? ಓಡಿ ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತೆ, ಹೊರಗಿನದನ್ನು ಎಳೆದುಕೊಳ್ಳುತ್ತೆ. ಆ ಗಾಳಿ ಆಡಲಿ ಅಂತಲೇ ಮೇಲೊಂದು ಪುಟ್ಟ ಬ್ರೀದರ್ ಇರುತ್ತೆ. ನನ್ನದು ಮಣ್ಣು ಕಟ್ಟಿ ಮುಚ್ಚಿಹೋಗಿತ್ತು. ಹಾಗಾಗಿ ಆಯಿಲ್ ಸೀಲಿನ ಸಂದಿಯಿಂದ ನೀರು ಒಳಗೆ ಬಂದಿದೆ. ಈಗ ಬ್ರೀದರ್‌ಗೆ ಪೈಪು ಹಾಕಿಸಿ ಎಂಜಿನ್ ಬೇ ತನಕ ಎತ್ತರಿಸಿದ್ದೇನೆ. ಹೆಚ್ಚೇನೂ ಖರ್ಚಿಲ್ಲ.

ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ. ಅದಕ್ಕೇ ಈ ಆಯಿಲ್‌ಗೆ ಗಂಧಕ ಇರುವ ಅಡಿಟಿವ್ ಹಾಕಿರುತ್ತಾರೆ. ಆ ಕೊಳೆತ ಮೊಟ್ಟೆ ವಾಸನೆ ಅದರದ್ದೇ. ಎಂಜಿನ್‌ಗಾದರೆ ಫಿಲ್ಟರ್ ಇದೆ, ಇಲ್ಲಿ ಅದೂ ಇಲ್ಲ. ಸವೆದ ಪುಡಿ ಒಳಗೇ ಸುತ್ತುತ್ತಾ ಇರಬೇಕು.

ಎಷ್ಟು ದಿನಕ್ಕೆ ಬದಲಾಯಿಸಬೇಕು ಅಂದರೆ, ಮೊದಲು ಮ್ಯಾನ್ಯುಯಲ್ ತೆಗೆಯಿರಿ. ಕೆಸರು, ನೀರು, ಭಾರ ಎಳೆಯುವುದು ಇದ್ದರೆ ಬೇಗ ಬದಲಾಯಿಸಿ ಅಂತ ಬೇರೆ ಲೆಕ್ಕ ಕೊಟ್ಟಿರುತ್ತಾರೆ, ಅದನ್ನು ಹುಡುಕಿ. ನಾನು ಈಗ 40,000 ಕಿ.ಮೀ. ಇಟ್ಟುಕೊಂಡಿದ್ದೇನೆ, ಕಾಡುಮೇಡು ಜಾಸ್ತಿಯಾದ ವರ್ಷ 20,000. ಆದರೆ ಆಕ್ಸೆಲ್ ಮುಳುಗುವಷ್ಟು ನೀರಿಗಿಳಿದರೆ ಈ ಕಿಲೋಮೀಟರ್ ಲೆಕ್ಕವೆಲ್ಲ ಮರೆತುಬಿಡಿ. ಆ ವಾರವೇ ಬಿಚ್ಚಿಸಿ ನೋಡಿ. ಬಣ್ಣ ಕೆಟ್ಟಿದ್ದರೆ ಅವತ್ತೇ ಚೆಲ್ಲಿ.

ಮುಂದಿನ ಹೌಸಿಂಗನ್ನೂ ಬಿಡಬೇಡಿ. "ಫೋರ್ ವೀಲ್ ಹಾಕೋದೇ ಅಪರೂಪ" ಅನ್ನುವವರು ಬಹಳ ಜನ. ನೀರು ಅದನ್ನು ಕೇಳಿಕೊಂಡು ಬರುವುದಿಲ್ಲ. ನನ್ನ ಮುಂದಿನದರಲ್ಲೂ ಕಾಫಿಯೇ ಇತ್ತು, ಪುಣ್ಯಕ್ಕೆ ಹಲ್ಲು ಉಳಿದಿದ್ದವು.

ಕೂತು ಮಾಡಿಸುವಾಗ ಇನ್ನೊಂದು ವಿಷಯ. ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಲು ಬರುತ್ತಾ ಅಂತ ನೋಡಿದ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಿಸಿ. ಆಯಿಲ್ ಚೆಲ್ಲಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ. ಸುಮ್ನೆ "90 ನಂಬರ್ ಹಾಕಿ" ಅಂತಲೂ ಹೇಳಬೇಡಿ. 90 ಅನ್ನೋದು ಆಯಿಲ್ ಎಷ್ಟು ಮಂದ ಅನ್ನೋ ಲೆಕ್ಕ ಅಷ್ಟೇ. ಅಡಿಟಿವ್ ಲೆಕ್ಕದಲ್ಲಿ ಬೇರೆ ದರ್ಜೆಗಳಿವೆ, ಜಿಎಲ್-4 ಇದೆ, ಜಿಎಲ್-5 ಇದೆ. ನನ್ನ ಹೌಸಿಂಗ್‌ಗೆ ಬೇಕಾದದ್ದು 80ಡಬ್ಲ್ಯು-90, ಜಿಎಲ್-5. ಅದನ್ನೇ ಗೇರ್ ಬಾಕ್ಸಿಗೂ ಸುರಿದರೆ, ಕೆಲವು ಗಾಡಿಗಳಲ್ಲಿ ಒಳಗಿನ ಹಿತ್ತಾಳೆ ರಿಂಗು ಹಾಳಾಗುತ್ತೆ.

ಕ್ರೌನ್ ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು. ಬೇರಿಂಗು, ಸೀಲು, ಕೂಲಿ, ಲಾರಿ ಬಾಡಿಗೆ ಎಲ್ಲ ಸೇರಿ 42,000 ರೂಪಾಯಿ ಎಣಿಸಿದೆ. ಎರಡೂ ಹೌಸಿಂಗಿನ ಆಯಿಲ್ ಟೈಮಿಗೆ ಹಾಕಿಸಿದ್ದರೆ ಮೂರು ಸಾವಿರದೊಳಗೆ ಮುಗೀತಿತ್ತು.

ಹಳೇ ಗ್ಯಾರೇಜಿಗೆ ಹೋಗಿ, ಇಷ್ಟು ಸರ್ವೀಸ್ ಮಾಡಿದೆಯಲ್ಲಪ್ಪ, ಒಂದ್ಸಲ ಆದರೂ ಅದನ್ನು ಬಿಚ್ಚಿ ನೋಡಬಾರದಿತ್ತಾ ಅಂತ ಕೇಳಿದೆ. "ನೀವು ಹೇಳ್ಲೇ ಇಲ್ವಲ್ಲ ಸಾರ್" ಎಂದ. ಈಗ ಗಾಡಿ ಬಿಡುವಾಗ ಪೆನ್ನು ಇಸ್ಕೊಂಡು ಜಾಬ್ ಕಾರ್ಡ್ ಮೇಲೆ ನಾನೇ ಬರೆಯುತ್ತೇನೆ: ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರಿನ ಡಬ್ಬಿ). ಹಳೇ ಆಯಿಲ್ ನನಗೆ ತೋರಿಸದೆ ಚೆಲ್ಲಬೇಡಿ.