ಎಸ್‌ಎಸ್‌ಎಚ್ ಕೈಕೊಟ್ಟಾಗ: ಕನ್ಸೋಲ್, ರೆಸ್ಕ್ಯೂ, ಟೇಲ್‌ಸ್ಕೇಲ್, ಟಿಕೆಟ್

ದೂರದ ಸರ್ವರ್‌ಗೆ ಲಾಗಿನ್ ಆಗಿ ಕಮಾಂಡ್ ಕೊಡುವ ಎಸ್‌ಎಸ್‌ಎಚ್ ಹೋಯಿತು ಅಂದರೆ ವಿಪಿಎಸ್ (ಬಾಡಿಗೆಗೆ ತೆಗೆದುಕೊಂಡ ವರ್ಚುವಲ್ ಸರ್ವರ್) ಇದ್ದೂ ಇಲ್ಲದ ಹಾಗೆ. ಸೈಟ್ ಓಡುತ್ತಲೇ ಇರಬಹುದು, ಆದರೆ ಒಳಗೆ ಹೋಗಿ ಒಂದು ಸಾಲು ತಿದ್ದೋಣ ಅಂದರೆ ದಾರಿಯಿಲ್ಲ. ಅಂಥ ಹೊತ್ತಲ್ಲಿ ಗಾಬರಿಯಿಂದ ಹುಡುಕುವುದಕ್ಕಿಂತ ಮೊದಲೇ ನೋಡಿಟ್ಟುಕೊಳ್ಳೋಣ ಅಂತ, ನನ್ನ ಹತ್ತಿರ ಇರುವ ಎರಡು ವಿಪಿಎಸ್‌ಗಳನ್ನು ಬೇಕೆಂದೇ ಕೆಡಿಸಿ, ಯಾವ ದಾರಿಯಿಂದ ವಾಪಸ್ ಒಳಗೆ ಹೋಗಬಹುದು ಅಂತ ಒಂದೊಂದಾಗಿ ನೋಡಿದೆ. ಒಂದು ಕೆವಿಎಂ (ಪೂರ್ತಿ ಬೇರೆಯೇ ವರ್ಚುವಲ್ ಮಷೀನ್), ಇನ್ನೊಂದು ಅಗ್ಗದ ಓಪನ್‌ವಿಜೆಡ್ ಕಂಟೇನರ್ (ಹೋಸ್ಟ್, ಅಂದರೆ ತಾನು ಓಡುವ ಅಸಲಿ ಮಷೀನಿನ ಸಿಸ್ಟಂ ಅನ್ನೇ ಹಂಚಿಕೊಳ್ಳುವಂಥದ್ದು). ಮೊದಲು ಸ್ನ್ಯಾಪ್‌ಶಾಟ್, ಅಂದರೆ ವಾಪಸ್ ಹಾಕಿಕೊಳ್ಳಬಹುದಾದ ಇಡೀ ಡಿಸ್ಕಿನ ನಕಲು, ತೆಗೆದಿಟ್ಟುಕೊಂಡೆ. ಅದಿಲ್ಲದೆ ಈ ಆಟಕ್ಕೆ ಇಳಿಯಬೇಡಿ.

ಕೆಡಿಸಿದ್ದು ಹೀಗೆ: ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ಮುಚ್ಚಿದೆ, ತಪ್ಪು ಲಾಗಿನ್ ಹೆಚ್ಚಾದರೆ ಆ ಐಪಿಯನ್ನೇ ತಡೆಯುವ ಫೇಲ್‌ಟುಬ್ಯಾನ್ ನನ್ನನ್ನೇ ಬ್ಯಾನ್ ಮಾಡುವ ಹಾಗೆ ತಪ್ಪು ಪಾಸ್‌ವರ್ಡ್ ಕೊಟ್ಟೆ, ರೂಟ್‌ನ (ಎಲ್ಲ ಅಧಿಕಾರ ಇರುವ ಯೂಸರ್‌ನ) ಡಾಟ್-ಎಸ್‌ಎಸ್‌ಎಚ್ ಫೋಲ್ಡರ್‌ಗೆ 777, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಪರ್ಮಿಷನ್ ಕೊಟ್ಟೆ, ಕೊನೆಗೆ ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಇಲ್ಲದ ಡಿಸ್ಕಿನ ಹೆಸರು ಬರೆದು ರೀಬೂಟ್ ಮಾಡಿದೆ.

ಯಾವ ದಾರಿ ಹಿಡಿಯಬೇಕು ಅನ್ನುವುದು ಅರ್ಧ ಆ ಎರರ್ ಸಾಲಿನಲ್ಲೇ ಇರುತ್ತದೆ. ‘ಕನೆಕ್ಷನ್ ಟೈಮ್ಡ್ ಔಟ್’ ಬಂದರೆ ಪ್ಯಾಕೆಟ್ ಎಲ್ಲೋ ಬಿದ್ದುಹೋಗುತ್ತಿದೆ: ಫೈರ್‌ವಾಲ್ ಸದ್ದಿಲ್ಲದೆ ಎಸೆಯುತ್ತಿದೆ, ಇಲ್ಲವೇ ಮಷೀನೇ ಮಲಗಿದೆ. ಯುಎಫ್‌ಡಬ್ಲ್ಯೂ ಮುಚ್ಚಿದಾಗ ನನಗೆ ಬಂದದ್ದು ಇದೇ, ಆಗಲೂ ಸೈಟ್ ಮಾತ್ರ ಆರಾಮಾಗಿ ತೆರೆದುಕೊಳ್ಳುತ್ತಿತ್ತು. ‘ಕನೆಕ್ಷನ್ ರೆಫ್ಯೂಸ್ಡ್’ ಅಂದರೆ ಮಷೀನ್ ಜೀವಂತ ಇದೆ, ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಫೇಲ್‌ಟುಬ್ಯಾನ್ ಸಾಮಾನ್ಯವಾಗಿ ಪ್ಯಾಕೆಟ್ ಸದ್ದಿಲ್ಲದೆ ಎಸೆಯುವುದಿಲ್ಲ, ಬೇಡ ಅಂತ ಉತ್ತರ ಕಳಿಸುತ್ತದೆ. ಹಾಗಾಗಿ ಬ್ಯಾನ್ ಆದಾಗಲೂ ಕಾಣುವುದು ಇದೇ ರೆಫ್ಯೂಸ್ಡ್. ಎರಡನ್ನೂ ಬೇರ್ಪಡಿಸಲು ಸುಲಭದ ಉಪಾಯ ಅಂದರೆ ಮನೆಯ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೋಡುವುದು. ಅಲ್ಲಿಂದ ಒಳಗೆ ಹೋದರೆ ಅದು ಬ್ಯಾನ್, ಡೀಫಾಲ್ಟ್ ಸೆಟ್ಟಿಂಗ್ ಆದರೆ ಹತ್ತು ನಿಮಿಷದಲ್ಲಿ ತಾನಾಗಿ ಬಿಡುತ್ತದೆ. ಸಿಜಿನ್ಯಾಟ್ ಇರುವ ಮನೆಯ ಕನೆಕ್ಷನ್ ಆದರೆ ನಿಮ್ಮ ಪಬ್ಲಿಕ್ ಐಪಿಯನ್ನೇ ಹಂಚಿಕೊಂಡಿರುವ ಇನ್ಯಾರದೋ ಕೆಟ್ಟ ಕಂಪ್ಯೂಟರಿಂದಲೂ ಬ್ಯಾನ್ ಬೀಳಬಹುದು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇನ್ನು ‘ಪರ್ಮಿಷನ್ ಡಿನೈಡ್’ ಬಂದರೆ ನೆಟ್‌ವರ್ಕ್ ಸರಿ ಇದೆ, ತಕರಾರು ಕೀ (ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸುವ ಫೈಲ್) ಅಥವಾ ಯೂಸರ್‌ನದು.

ಈಗ ದಾರಿಗಳ ವಿಷಯ. ಮೊದಲು ಎಲ್ಲರೂ ಓಡುವುದು ವಿಪಿಎಸ್ ಕಂಪನಿಯ ವೆಬ್ ಪ್ಯಾನೆಲ್‌ನ ವಿಎನ್‌ಸಿ ಕನ್ಸೋಲ್‌ಗೆ. ಇದು ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಹೋಗುವುದಿಲ್ಲ, ಹೋಸ್ಟ್ ಮಷೀನ್ ಕಡೆಯಿಂದ ಅದರ ಸ್ಕ್ರೀನನ್ನೇ ತೋರಿಸುತ್ತದೆ. ಹಾಗಾಗಿ ಯುಎಫ್‌ಡಬ್ಲ್ಯೂ ಪರೀಕ್ಷೆಯಲ್ಲಿ ಇದೇ ಎಲ್ಲಕ್ಕಿಂತ ಬೇಗ: ಲಾಗಿನ್, ಒಂದು ಕಮಾಂಡ್, ಮುಗಿಯಿತು. ಆದರೆ ಲಾಗಿನ್ ಆಗಲು ಪಾಸ್‌ವರ್ಡ್ ಬೇಕಲ್ಲ! ಬರೀ ಕೀ ಇಟ್ಟುಕೊಂಡು ಪಾಸ್‌ವರ್ಡನ್ನೇ ಇಡದವರಿಗೆ ಕನ್ಸೋಲ್ ಅಂದರೆ ಸುಮ್ಮನೆ ನೋಡುವ ಟಿವಿ. ಪಾಸ್‌ವರ್ಡ್ ಇದ್ದರೂ ಬಹಳಷ್ಟು ಕನ್ಸೋಲ್‌ಗಳಲ್ಲಿ ಪೇಸ್ಟ್ ಆಗುವುದಿಲ್ಲ, ಕೀಬೋರ್ಡ್ ಲೇಔಟ್ ಬೇರೆ ಆದರೆ ಅಟ್ ಚಿಹ್ನೆ ಒತ್ತಿದಲ್ಲಿ ಉದ್ಧರಣ ಚಿಹ್ನೆ ಬೀಳುತ್ತದೆ, ಪಾಸ್‌ವರ್ಡ್ ಜಾಗದಲ್ಲಿ ಏನು ಬಿತ್ತು ಅಂತ ಕಾಣುವುದೂ ಇಲ್ಲ. ಯೂಸರ್‌ನೇಮ್ ಜಾಗದಲ್ಲಿ ಒಮ್ಮೆ ಆ ಚಿಹ್ನೆಗಳನ್ನು ಒತ್ತಿ ನೋಡಿಕೊಳ್ಳಿ.

ಎಫ್‌ಎಸ್‌ಟ್ಯಾಬ್ ಪರೀಕ್ಷೆಯಲ್ಲಿ ಕನ್ಸೋಲ್ ಪೂರ್ತಿ ಸೋತಿತು. ಇಲ್ಲದ ಡಿಸ್ಕಿಗಾಗಿ ಉಬುಂಟು ಒಂದೂವರೆ ನಿಮಿಷ ಕಾಯಿತು, ಎಮರ್ಜೆನ್ಸಿ ಮೋಡ್‌ಗೆ ಬಿತ್ತು, ರೂಟ್ ಅಕೌಂಟ್ ಲಾಕ್ ಆಗಿದೆ, ಕನ್ಸೋಲ್ ಕೊಡಲಾರೆ ಅಂತ ಬರೆದು ಎಂಟರ್ ಒತ್ತಿ ಅಂದಿತು. ಒತ್ತಿದರೆ ಮತ್ತೆ ಅದೇ ಸಾಲು. ಉಬುಂಟು ರೂಟ್ ಪಾಸ್‌ವರ್ಡ್ ಇಡದೇ ಬರುತ್ತದೆ, ರೂಟ್ ಅಧಿಕಾರ ಪಡೆಯಬಲ್ಲ ಸುಡೋ ಯೂಸರ್‌ಗೆ ಪಾಸ್‌ವರ್ಡ್ ಇದ್ದರೂ ಇಲ್ಲಿ ಉಪಯೋಗವಿಲ್ಲ.

ರೆಸ್ಕ್ಯೂ ಮೋಡ್ ನನಗೆ ಇಷ್ಟವಾದದ್ದು ಇದಕ್ಕೇ. ಅದು ನಿಮ್ಮ ಕೆಟ್ಟಿರುವ ಸಿಸ್ಟಂ ಅನ್ನು ಏನೂ ಕೇಳುವುದಿಲ್ಲ. ಕಂಪನಿಯವರು ಕೊಡುವ ಬೇರೆಯೇ ಒಂದು ಪುಟ್ಟ ಲಿನಕ್ಸ್ ಬೂಟ್ ಆಗುತ್ತದೆ, ನಿಮ್ಮ ಡಿಸ್ಕ್ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತದೆ. ಒಳಗೆ ಹೋದ ತಕ್ಷಣ ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಹೊಡೆದು ಯಾವ ಪಾರ್ಟಿಷನ್ ನಿಮ್ಮದು ಅಂತ ಗುರುತಿಸಿ, ಅದನ್ನು ಎಂಎನ್‌ಟಿ ಫೋಲ್ಡರ್‌ಗೆ ಮೌಂಟ್ ಮಾಡಿದರೆ ಮುಂದೆ ಎಲ್ಲ ಬರೀ ಫೈಲ್ ತಿದ್ದುವ ಕೆಲಸ. ಎಫ್‌ಎಸ್‌ಟ್ಯಾಬ್‌ನ ಕೆಟ್ಟ ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿ ಆ ಸಾಲು ಲೆಕ್ಕಕ್ಕಿಲ್ಲದಂತೆ ಮಾಡಿದೆ. ಯುಎಫ್‌ಡಬ್ಲ್ಯೂ ಕಾನ್ಫ್ ಫೈಲಿನಲ್ಲಿ ‘ಎನೇಬಲ್ಡ್’ ಮುಂದಿನ ‘ಯೆಸ್’ ತೆಗೆದು ‘ನೋ’ ಮಾಡಿದೆ. 777 ಪ್ರಕರಣದಲ್ಲಿ ಇನ್ನೂ ಚೆನ್ನಾಗಿತ್ತು: ನನ್ನ ಲ್ಯಾಪ್‌ಟಾಪ್‌ನಲ್ಲಿ ಬರೀ ‘ಪರ್ಮಿಷನ್ ಡಿನೈಡ್’ ಅಂತಿದ್ದದ್ದು, ಡಿಸ್ಕಿನೊಳಗಿನ ಆಥ್ ಲಾಗ್ ತೆಗೆದರೆ ಡೈರೆಕ್ಟರಿಯ ಮಾಲೀಕತ್ವ ಅಥವಾ ಪರ್ಮಿಷನ್ ಸರಿ ಇಲ್ಲ, ಅದಕ್ಕೇ ಬಿಡಲಿಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ಫೋಲ್ಡರ್‌ಗೆ 700, ಆಥರೈಸ್ಡ್ ಕೀಸ್ ಫೈಲಿಗೆ 600 ಕೊಟ್ಟೆ, ಸರಿಹೋಯಿತು.

ತೊಂದರೆಯೂ ಇದೆ. ರೀಬೂಟ್ ಆಗಲೇಬೇಕು, ಅಷ್ಟು ಹೊತ್ತು ಸೈಟ್ ಬಂದ್. ಕೆಲವು ಪ್ಯಾನೆಲ್‌ಗಳಲ್ಲಿ ರೆಸ್ಕ್ಯೂ ಆಫ್ ಮಾಡದೆ ರೀಬೂಟ್ ಕೊಟ್ಟರೆ ಮತ್ತೆ ರೆಸ್ಕ್ಯೂಗೇ ಹೋಗುತ್ತದೆ. ಹೋಸ್ಟ್ ಕೀ (ಸರ್ವರ್‌ನ ಗುರುತು) ಬದಲಾಗಿದೆ ಅಂತ ಎಸ್‌ಎಸ್‌ಎಚ್ ದೊಡ್ಡ ಅಕ್ಷರದಲ್ಲಿ ಕಿರುಚುತ್ತದೆ. ರೆಸ್ಕ್ಯೂ ಸಿಸ್ಟಂ ಬೇರೆಯದಾದ್ದರಿಂದ ಅದು ಸಹಜ, ಹೆದರಬೇಕಿಲ್ಲ.

ಕಂಟೇನರ್ ಕಥೆ ಬೇರೆ. ಓಪನ್‌ವಿಜೆಡ್‌ನಲ್ಲಿ ಎಲ್ಲರಿಗೂ ಹೋಸ್ಟಿನ ಒಂದೇ ಕರ್ನೆಲ್ (ಲಿನಕ್ಸ್‌ನ ತಿರುಳು), ಅದು ಒಂಥರಾ ವಠಾರ. ಇಲ್ಲಿ ಎಫ್‌ಎಸ್‌ಟ್ಯಾಬ್ ಪರೀಕ್ಷೆಗೆ ಅರ್ಥವೇ ಇಲ್ಲ, ಡಿಸ್ಕ್ ಮೌಂಟ್ ಮಾಡಿಕೊಡುವುದು ಹೋಸ್ಟೇ. ವಿಎನ್‌ಸಿ ಇಲ್ಲ, ನನ್ನದರಲ್ಲಿ ರೆಸ್ಕ್ಯೂ ಕೂಡ ಇಲ್ಲ. ಬದಲಿಗೆ ಪ್ಯಾನೆಲ್‌ನಲ್ಲಿ ಒಂದು ಸೀರಿಯಲ್ ಕನ್ಸೋಲ್ ಇದೆ, ಮತ್ತೆ ರೂಟ್ ಪಾಸ್‌ವರ್ಡ್ ಬದಲಿಸುವ ಬಟನ್ ಇದೆ. ಆಶ್ಚರ್ಯ ಅಂದರೆ ಈ ಬಟನ್ ರೀಬೂಟ್ ಇಲ್ಲದೆ ತಕ್ಷಣ ಕೆಲಸ ಮಾಡಿತು, ಹೋಸ್ಟ್ ನೇರವಾಗಿ ಒಳಗಿನ ಪಾಸ್‌ವರ್ಡ್ ಬದಲಿಸಬಲ್ಲದು ಅಲ್ವಾ? ಈ ಒಂದು ವಿಷಯದಲ್ಲಿ ಅಗ್ಗದ್ದೇ ಗೆದ್ದಿತು. ಆದರೆ ಹಳೆಯ ಓಪನ್‌ವಿಜೆಡ್‌ನಲ್ಲಿ ಲಾಗಿನ್ ಆದ ಕ್ಷಣಕ್ಕೆ ಕನೆಕ್ಷನ್ ಬಿದ್ದುಹೋಗುತ್ತಿದ್ದರೆ, ಪ್ರಾಕ್ ಫೋಲ್ಡರಿನ ಯೂಸರ್ ಬೀನ್‌ಕೌಂಟರ್ಸ್ ಫೈಲ್ ನೋಡಿ. ಕೊನೆಯ ಕಾಲಂ ಫೇಲ್‌ಸಿಎನ್‌ಟಿ ಏರುತ್ತಿದ್ದರೆ ಮೆಮೊರಿ ಅಥವಾ ಪ್ರೊಸೆಸ್ ಮಿತಿ ಮುಗಿದಿದೆ, ಎಸ್‌ಎಸ್‌ಎಚ್‌ನದು ತಪ್ಪಿಲ್ಲ.

ನಮ್ಮ ಮಷೀನ್‌ಗಳ ನಡುವೆ ಖಾಸಗಿ ನೆಟ್‌ವರ್ಕ್ ಕಟ್ಟುವ ಟೇಲ್‌ಸ್ಕೇಲ್ ಅನ್ನು ಹಿತ್ತಲ ಬಾಗಿಲು ಅಂತ ಹಾಕಿಟ್ಟುಕೊಂಡೆ, ಅದರ ಇಂಟರ್‌ಫೇಸ್‌ಗೆ ಫೈರ್‌ವಾಲ್‌ನಲ್ಲಿ ಮೊದಲೇ ಅನುಮತಿ ಕೊಟ್ಟು. 22 ಮುಚ್ಚಿದಾಗ, ಬ್ಯಾನ್ ಆದಾಗ ಇದರಿಂದ ಏನೂ ಆಗದ ಹಾಗೆ ಒಳಗೆ ಹೋದೆ. ದಿನನಿತ್ಯಕ್ಕೆ ಇದರಷ್ಟು ಆರಾಮ ಯಾವುದೂ ಇಲ್ಲ, 22ನೇ ಪೋರ್ಟನ್ನು ಹೊರಗೆ ತೆರೆಯದೇ ಇರಬಹುದು. ಆದರೆ ಮಷೀನ್ ಪೂರ್ತಿ ಬೂಟ್ ಆಗದಿದ್ದರೆ ಇದೂ ಇಲ್ಲ, ಎಸ್‌ಎಸ್‌ಎಚ್ ಸರ್ವಿಸೇ ಸತ್ತಿದ್ದರೆ ಅಥವಾ ಕೀ ಪರ್ಮಿಷನ್ ಕೆಟ್ಟಿದ್ದರೆ ಮಾಮೂಲಿ ಎಸ್‌ಎಸ್‌ಎಚ್‌ಗೆ ಇದರಿಂದಲೂ ಉಪಯೋಗವಿಲ್ಲ. ಟೇಲ್‌ಸ್ಕೇಲ್‌ನಲ್ಲಿ ಮಷೀನ್ ಗುರುತಿಸುವ ನೋಡ್ ಕೀ ಡೀಫಾಲ್ಟ್ ಆಗಿ 180 ದಿನಕ್ಕೆ ಮುಗಿಯುತ್ತದೆ, ಸರ್ವರ್‌ಗೆ ಆ ಅವಧಿ ಮುಗಿಯುವುದನ್ನು ಆಫ್ ಮಾಡಿಡಿ. ಕಂಟೇನರ್‌ನಲ್ಲಾದರೆ ಅದಕ್ಕೆ ಬೇಕಾದ ಟನ್ ಎಂಬ ವರ್ಚುವಲ್ ನೆಟ್‌ವರ್ಕ್ ಡಿವೈಸ್ ಅನ್ನು ಸಾಮಾನ್ಯವಾಗಿ ಹೋಸ್ಟ್ ಕಡೆಯಿಂದ ಆನ್ ಮಾಡಿಸಬೇಕು.

ಕಂಪನಿಯ ಸಪೋರ್ಟ್‌ಗೆ ಹಾಕುವ ಟಿಕೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ರೀಬೂಟ್ ಮಾಡಿ ನೋಡಿದಿರಾ’ ಅನ್ನುವ ಉತ್ತರಕ್ಕೆ ಅರ್ಧ ದಿನ ಕಾದಿದ್ದೇನೆ, ಕಂಪನಿ ಯಾವುದು ಅಂತ ಬೇಡ. ಆದರೂ ಕೆಲವಕ್ಕೆ ಟಿಕೆಟ್ಟೇ ಗತಿ: ಹೋಸ್ಟ್ ನೋಡ್ ಬಿದ್ದಾಗ, ಡಿಡಾಸ್ ದಾಳಿಯಿಂದಾಗಿ ನಿಮ್ಮ ಐಪಿಯನ್ನು ಅವರೇ ನಲ್‌ರೂಟ್ ಮಾಡಿದಾಗ (ಅದಕ್ಕೆ ಬರುವುದನ್ನೆಲ್ಲ ಎಸೆದಾಗ), ಕೆವಿಎಂನಲ್ಲಿ ಟಾಪ್ ಕಮಾಂಡ್‌ನ ಎಸ್‌ಟಿ ಅಂಕಿ ಜಾಸ್ತಿ ಇದ್ದು ಲಾಗಿನ್ ಆಮೆಗತಿಯಲ್ಲಿ ನಡೆಯುವಾಗ. ಆ ಅಂಕಿ ಅಂದರೆ ನಿಮ್ಮ ವಿಎಂ ಸಿಪಿಯು ಕೇಳುತ್ತಿದೆ, ಹೋಸ್ಟ್ ಅದನ್ನು ಬೇರೆಯವರಿಗೆ ಕೊಡುತ್ತಿದೆ ಅಂತ. ಎರರ್ ಸಾಲು, ನಿಮ್ಮ ಐಪಿ, ಪ್ಯಾಕೆಟ್ ಹೋಗುವ ದಾರಿ ತೋರಿಸುವ ಎಂಟಿಆರ್ ಔಟ್‌ಪುಟ್, ಕನ್ಸೋಲ್‌ನ ಸ್ಕ್ರೀನ್‌ಶಾಟ್ ನಾಲ್ಕನ್ನೂ ಮೊದಲ ಮೆಸೇಜಿನಲ್ಲೇ ಹಾಕಿದರೆ ಆ ರೀಬೂಟ್ ಪ್ರಶ್ನೆ ತಪ್ಪುತ್ತದೆ.

ನನ್ನ ಆಯ್ಕೆ ಕೇಳಿದರೆ, ರೆಸ್ಕ್ಯೂ ಇಲ್ಲದ ಕೆವಿಎಂ ನಾನು ಇನ್ನು ತೆಗೆದುಕೊಳ್ಳುವುದಿಲ್ಲ, ರ್‍ಯಾಮ್ ಎರಡು ಪಟ್ಟು ಕೊಟ್ಟರೂ ಅಷ್ಟೇ. ಅದರ ಜೊತೆಗೆ ಟೇಲ್‌ಸ್ಕೇಲ್. ಕನ್ಸೋಲ್‌ಗೆ ಅಂತ ರೂಟ್‌ಗೆ ಉದ್ದದ, ಚಿಹ್ನೆಗಳಿಲ್ಲದ ಒಂದು ಪಾಸ್‌ವರ್ಡ್ ಇಟ್ಟು, ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿದ್ದೇನೆ. ಫೈರ್‌ವಾಲ್ ಮುಟ್ಟುವ ಮುಂಚೆ, ಹತ್ತು ನಿಮಿಷ ಬಿಟ್ಟು ಯುಎಫ್‌ಡಬ್ಲ್ಯೂ ತಾನೇ ಆಫ್ ಆಗಲಿ ಅಂತ ಅಟ್ ಕಮಾಂಡಿನಲ್ಲಿ ಹಾಕಿಡುತ್ತೇನೆ. ಎಲ್ಲ ಸರಿ ಇದ್ದರೆ ಆ ಜಾಬ್ ತೆಗೆದರಾಯಿತು. ಉಬುಂಟು 24.04ರಲ್ಲಿ ಎಸ್‌ಎಸ್‌ಎಚ್ ಪೋರ್ಟ್ ಬದಲಿಸಿಯೂ ‘ರೆಫ್ಯೂಸ್ಡ್’ ಬರುತ್ತಿದ್ದರೆ ಮೊದಲು ಹಳೆಯ ಪೋರ್ಟಿನಲ್ಲೇ ನೋಡಿ. ಅಲ್ಲಿ ಪೋರ್ಟ್ ಹಿಡಿದಿರುವುದು ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯ ಎಸ್‌ಎಸ್‌ಎಚ್ ಸಾಕೆಟ್, ಡೀಮನ್ ರೀಲೋಡ್ ಮಾಡಿ ಆ ಸಾಕೆಟ್ ರೀಸ್ಟಾರ್ಟ್ ಮಾಡುವವರೆಗೂ ಅದು 22 ಬಿಡುವುದಿಲ್ಲ.