ನೌಕರರ ಮನಸ್ಸು ತಿಳಿಯಲು: ಹೆಸರಿಲ್ಲದ ಫಾರ್ಮ್, ಸ್ಕಿಪ್ ಲೆವೆಲ್, ಎಕ್ಸಿಟ್ ಇಂಟರ್‌ವ್ಯೂ

50ರಿಂದ 200 ಜನರಿರುವ ಕಂಪನಿಯಲ್ಲಿ ಮೇಲಿನವರ ಬಗ್ಗೆ, ಬಡ್ತಿಯ ಬಗ್ಗೆ ನೌಕರರಿಗೆ ನಿಜಕ್ಕೂ ಏನನ್ನಿಸುತ್ತಿದೆ ಎಂದು ತಿಳಿಯಲು ಎಚ್‌ಆರ್‌ನವರು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಮೂರು: ಹೆಸರಿಲ್ಲದ ಫಾರ್ಮ್, ಸ್ಕಿಪ್ ಲೆವೆಲ್ (ಮ್ಯಾನೇಜರ್‌ನ ಮೇಲಿನವರೇ ನೌಕರರ ಜೊತೆ ನೇರವಾಗಿ ಮಾತಾಡುವುದು), ಎಕ್ಸಿಟ್ ಇಂಟರ್‌ವ್ಯೂ (ಕೆಲಸ ಬಿಡುವವರ ಜೊತೆಗಿನ ಮಾತು). ಮೂರನ್ನೂ ನಡೆಸಿ ನೋಡಿದ ಮೇಲೆ ನಮ್ಮ ತೀರ್ಪು: ನಾಯಕತ್ವದ ಬಗ್ಗೆ ಕೇಳುವಾಗ ಹೆಸರು ಇರಬಾರದು, ಬಡ್ತಿಯ ಬಗ್ಗೆ ಕೇಳುವಾಗ ಹೆಸರು ಇರಲೇಬೇಕು. ಎರಡನ್ನೂ ಒಂದೇ ಫಾರ್ಮ್‌ಗೆ ತುರುಕಿದರೆ ಎರಡೂ ಕೆಡುತ್ತವೆ.

ಮೊದಲು ಫಾರ್ಮ್. ಗೂಗಲ್ ಫಾರ್ಮ್ಸ್‌ನಲ್ಲಿ ಇಮೇಲ್ ಸಂಗ್ರಹವನ್ನು ಆಫ್ ಮಾಡಿದರೂ, ಒಬ್ಬರಿಗೆ ಒಂದೇ ಉತ್ತರ ಎಂದು ಮಿತಿ ಹಾಕಿದರೆ ಲಾಗಿನ್ ಕೇಳುತ್ತದೆ. ಉತ್ತರದ ಜೊತೆ ಇಮೇಲ್ ಹೋಗದಿದ್ದರೂ ಪುಟದ ಮೇಲೆ ತನ್ನದೇ ವಿಳಾಸ ಕಂಡವರು ಎಲ್ಲಕ್ಕೂ ‘ಚೆನ್ನಾಗಿದೆ’ ಒತ್ತಿ ಮುಗಿಸುತ್ತಾರೆ. ಆ ಮಿತಿ ಬೇಡ. ಯಾರೋ ಒಬ್ಬರು ಎರಡು ಸಲ ತುಂಬಿದರೂ ನಷ್ಟ ಕಡಿಮೆ. ಮೈಕ್ರೋಸಾಫ್ಟ್ ಫಾರ್ಮ್ಸ್‌ನಲ್ಲಿ ಸಂಸ್ಥೆಯೊಳಗಿನವರಿಗೆ ಮಾತ್ರ ಎಂದು ಕಳಿಸುವಾಗ ಹೆಸರು ದಾಖಲಿಸುವ ಟಿಕ್ ತೆಗೆದಿದೆಯೇ ನೋಡಿ. ಎರಡರಲ್ಲೂ ಉತ್ತರದ ಸಮಯ ಶೀಟ್‌ನಲ್ಲಿ ಉಳಿಯುತ್ತದೆ. ರಾತ್ರಿ ಪಾಳಿಯಲ್ಲಿ ಇಬ್ಬರೇ ಇದ್ದರೆ ಅಷ್ಟೇ ಸಾಕು, ಗುಟ್ಟು ರಟ್ಟು. ವರದಿಗೆ ಮುನ್ನ ಆ ಕಾಲಂ ಅಳಿಸಿ. ವಿಭಾಗ, ಅನುಭವ, ಲಿಂಗ ಮೂರನ್ನೂ ಕೇಳಬೇಡಿ. ವಿಭಾಗ ಒಂದೇ ಸಾಕು. ಐದಕ್ಕಿಂತ ಕಡಿಮೆ ಉತ್ತರ ಬಂದ ವಿಭಾಗವನ್ನು ಪಕ್ಕದ ವಿಭಾಗದೊಂದಿಗೆ ಸೇರಿಸಿ ತೋರಿಸಿ. ಫೋನ್ ಒಳಗೆ ಬಿಡದ ಶಾಪ್ ಫ್ಲೋರ್‌ನಲ್ಲಿ ಕನ್ನಡದಲ್ಲಿ ಅಚ್ಚು ಹಾಕಿದ, ಟಿಕ್ ಮಾತ್ರ ಹಾಕುವ ಕಾಗದವೇ ಒಳ್ಳೆಯದು. ಕೈಬರಹ ಸೂಪರ್‌ವೈಸರ್‌ಗೆ ಗುರುತು ಸಿಗುತ್ತದೆ. ಆ ಕಾಗದ ಹಾಕುವ ಪೆಟ್ಟಿಗೆಯನ್ನು ಸಿಸಿಟಿವಿ ಕೆಳಗೆ ಇಡುವವರೂ ಇದ್ದಾರೆ!

ಪ್ರಶ್ನೆಗಳಲ್ಲಿ ಇಎನ್‌ಪಿಎಸ್ (ಎಂಪ್ಲಾಯೀ ನೆಟ್ ಪ್ರಮೋಟರ್ ಸ್ಕೋರ್) ಅನ್ನು ನಾವು ಕೈಬಿಟ್ಟೆವು. ‘ಈ ಕಂಪನಿಗೆ ಸ್ನೇಹಿತರನ್ನು ಕರೆಯುತ್ತೀರಾ’ ಎಂದು 0ರಿಂದ 10ರವರೆಗೆ ಅಂಕ ಕೇಳಿ, 9–10 ಕೊಟ್ಟವರ ಶೇಕಡಾವಾರಿನಿಂದ 0–6 ಕೊಟ್ಟವರದ್ದನ್ನು ಕಳೆಯುವ ಲೆಕ್ಕ ಅದು. 7, 8 ಲೆಕ್ಕಕ್ಕೇ ಇಲ್ಲ. ಹತ್ತಕ್ಕೆ ಎಂಟು ಅಂದರೆ ನಮ್ಮಲ್ಲಿ ಒಳ್ಳೆಯ ಮಾರ್ಕ್ಸ್. ಮೆಚ್ಚಿಕೊಂಡವರ ಉತ್ತರವೇ ಬಿದ್ದು ಹೋಗುತ್ತದೆ. ಮೇಲಾಗಿ ಉತ್ತರಿಸಿದ 40 ಜನರಲ್ಲಿ ಒಬ್ಬರು 9ರಿಂದ 6ಕ್ಕೆ ಇಳಿದರೆ ಇಡೀ ಕಂಪನಿಯ ಅಂಕ 5 ಇಳಿಯುತ್ತದೆ. ಅದರ ಬದಲು ‘ಕಳೆದ ಮೂರು ತಿಂಗಳಲ್ಲಿ ನಿಮ್ಮ ಕೆಲಸ ಬದಲಿಸಿದ ನಿರ್ಧಾರದ ಕಾರಣವನ್ನು ಯಾರಾದರೂ ವಿವರಿಸಿದರೇ?’ ಎಂಬ ಹೌದು–ಇಲ್ಲ ಪ್ರಶ್ನೆ ಹೆಚ್ಚು ಹೇಳುತ್ತದೆ. ಅಪ್ರೈಸಲ್ ಪತ್ರ ಬರುವ ಏಪ್ರಿಲ್–ಜೂನ್‌ನಲ್ಲಿ ಕಳಿಸಬೇಡಿ, ಬರೀ ಹೈಕ್‌ನ ಸಿಟ್ಟು ಬರುತ್ತದೆ. ಸೆಪ್ಟೆಂಬರ್ ಸರಿ.

ಆದರೆ ಇದೇ ಫಾರ್ಮ್‌ನಲ್ಲಿ ‘ಇಲ್ಲಿ ಬೆಳವಣಿಗೆ ಇಲ್ಲ’ ಎಂದು ಬಂದರೆ ಏನು ಮಾಡುವುದು? ಮೇಲೆ ಹುದ್ದೆಯೇ ಖಾಲಿ ಇಲ್ಲವೋ, ಬಡ್ತಿಗೆ ಏನು ಬೇಕೆಂದು ಯಾರೂ ಹೇಳಿಲ್ಲವೋ, ಹೇಳಿದ್ದನ್ನು ಮಾಡಿದರೂ ಬೇರೆಯವರಿಗೆ ಕೊಟ್ಟರೋ? ಮೂರಕ್ಕೂ ಮದ್ದು ಬೇರೆ, ಹೆಸರಿಲ್ಲದವರನ್ನು ಮರಳಿ ಕೇಳುವಂತೆಯೂ ಇಲ್ಲ. ಸ್ಕಿಪ್ ಲೆವೆಲ್ ಗೆಲ್ಲುವುದು ಇಲ್ಲೇ. ಮ್ಯಾನೇಜರ್‌ನ ಮೇಲಿನವರು ಒಬ್ಬೊಬ್ಬರನ್ನೇ ಕೂರಿಸಿ 30 ನಿಮಿಷ ಮಾತಾಡಬೇಕು. ಗುಂಪಿನಲ್ಲಿ ಕೂರಿಸಿದರೆ ಹಿರಿಯರೊಬ್ಬರೇ ಮಾತಾಡುತ್ತಾರೆ. ‘ಮ್ಯಾನೇಜರ್ ಹೇಗೆ?’ ಎಂದರೆ ‘ಚೆನ್ನಾಗಿದ್ದಾರೆ ಸರ್’ ಎಂಬ ಉತ್ತರ ಖಾತ್ರಿ, ಹಾಗಾಗಿ ಅದನ್ನು ಕೇಳಲೇಬೇಡಿ. ‘ಮುಂದಿನ ಗ್ರೇಡ್‌ಗೆ ಏನೇನು ಬೇಕು ಅಂತ ನಿಮಗೆ ಗೊತ್ತಿರುವುದನ್ನು ಹೇಳಿ’ ಅನ್ನಿ, ಅದನ್ನು ಮ್ಯಾನೇಜರ್ ಬರೆದಿಟ್ಟ ಪಟ್ಟಿಯ ಜೊತೆ ಹೋಲಿಸಿ. ಎರಡೂ ತಾಳೆಯಾಗದಿದ್ದರೆ ದೂರಿನ ಬೇರು ಅಲ್ಲಿದೆ. ತಂಡದಲ್ಲಿ ಒಬ್ಬರನ್ನಷ್ಟೇ ಕರೆದರೆ ಮ್ಯಾನೇಜರ್ ಆಮೇಲೆ ‘ಏನು ಮಾತಾಯಿತು?’ ಎಂದು ಕೇಳೇ ಕೇಳುತ್ತಾರೆ. ಕರೆದರೆ ಇಡೀ ತಂಡವನ್ನು ಕರೆಯಿರಿ.

ಎಕ್ಸಿಟ್ ಇಂಟರ್‌ವ್ಯೂ ಮೂರರಲ್ಲಿ ಕೊನೆ. ರಿಲೀವಿಂಗ್ ಲೆಟರ್, ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್ (ಬಾಕಿ ಹಣದ ಕೊನೆಯ ಲೆಕ್ಕ) ಕೈಗೆ ಬರುವ ಮುನ್ನ ಯಾರೂ ಬಾಯಿ ಬಿಡುವುದಿಲ್ಲ. ‘ಪರ್ಸನಲ್ ರೀಸನ್’ ಅಂದು ಎದ್ದು ಹೋಗುತ್ತಾರೆ. ಹಣ ಜಮೆಯಾಗಿ ತಿಂಗಳ ನಂತರ, ಅವರ ವಿಭಾಗಕ್ಕೆ ಸೇರದವರು ಫೋನ್ ಮಾಡಿದರೆ ಮಾತು ಹೊರಬರುತ್ತದೆ. ಆ ವೇಳೆಗೆ ಆ ಮನುಷ್ಯ ನಿಮ್ಮಲ್ಲಿಲ್ಲ ಅನ್ನುವುದು ಬೇರೆ ಮಾತು.

ಸಮಯದ ಲೆಕ್ಕದಲ್ಲಿ ಫಾರ್ಮ್ ಅಗ್ಗ. 100 ಜನರಿಗೆ ಸ್ಕಿಪ್ ಲೆವೆಲ್ ಎಂದರೆ 50 ಗಂಟೆ, ಅದೂ ನಿರ್ದೇಶಕರ ಗಂಟೆಗಳು. ಅಷ್ಟು ಬಿಡುವಿಲ್ಲದಿದ್ದರೆ ಒಂದೇ ಗ್ರೇಡ್‌ನಲ್ಲಿ ಎರಡು ವರ್ಷ ದಾಟಿದವರು ಹೆಚ್ಚಿರುವ ತಂಡದಿಂದ ಶುರು ಮಾಡಿ.